ಉಸಿರಿಗೆ ಉರುಳಾದ ಕಲ್ನಾರು

ಮರಳನ್ನು ಹಿಂಡಿ ಎಣ್ಣೆ ತೆಗೆಯಲಾಗದೆಂದು ಹಿರಿಯರು ಹೇಳಿದ್ದಾರೆ. ಆದರೆ ಕಲ್ಲನ್ನು ಸುಲಿದು ನಾರು ತೆಗೆಯುವುದು ಸಾಧ್ಯ. ಕೆಲವು ಬಗೆಯ ಶಿಲೆಗಳ ಸಂದುಗಳಲ್ಲಿ ರೇಷ್ಮೆಯಂತೆ ಹೊಳೆಯುವ, ಉಗುರಿನಿಂದ ಕೆದಕಿದರೆ ಹಿಂಜಿದ ಹತ್ತಿಯಂತೆ ಎಳೆಯೆಳೆಯಾಗಿ ಏಳುವ ಖನಿಜವೊಂದುಂಟು. ಅದು ಬೆಂಕಿಗಿಟ್ಟರೆ ಉರಿಯದು, ನೀರಿನಲ್ಲಿ ಕೊಳೆಯದು. ಅದಕ್ಕೆ ಗೆದ್ದಲಿನ ಭಯವಿಲ್ಲ, ತುಕ್ಕಿನ ಕಾಟವಿಲ್ಲ. ಗ್ರೀಕರು ‘ನಂದದ್ದು’ ಎಂಬ ಅರ್ಥದ ಮಾತೊಂದನ್ನು ಬಳಸುತ್ತಿದ್ದರು. ಅದರಿಂದಲೇ ಇಂದಿನ ಆಸ್‌ಬೆಸ್ಟಾಸ್ ಎಂಬ ಹೆಸರು ಬಂದಿತು. ಕನ್ನಡದಲ್ಲಿ ವಿಜ್ಞಾನದ ಪುಸ್ತಕಗಳನ್ನು ಬರೆದವರು ಅದನ್ನು ಕಲ್ನಾರು ಎಂದು ಕರೆದರು. ಗ್ರೀಕರ ಹೆಸರಿಗಿಂತ ಕನ್ನಡದ ಹೆಸರೇ ವಸ್ತುವಿನ ಸ್ವಭಾವವನ್ನು ಚೆನ್ನಾಗಿ ಹಿಡಿದಿದೆ. ಅದು ನಾರು, ಆದುದರಿಂದ ಸೀಳಿದಷ್ಟೂ ಸೀಳುತ್ತದೆ. ಅದು ಕಲ್ಲು, ಆದುದರಿಂದ ಕರಗುವುದಿಲ್ಲ. ಮನುಷ್ಯನಿಗೆ ಅದರಿಂದಾದ ಉಪಕಾರವೂ ಅಪಕಾರವೂ ಈ ಎರಡು ಗುಣಗಳಿಂದಲೇ.

ಹೆಸರು ತಿಳಿಯದಿದ್ದರೂ ವಸ್ತುವನ್ನು ಕಾಣದ ಸಂಸಾರಿಗರಿಲ್ಲ. ಮಾಳಿಗೆಯ ಮೇಲೆ ಬಾಡಿಗೆಗೆಂದು ಎತ್ತಿದ ಒಂಟಿ ಕೋಣೆ, ಹಿತ್ತಲಿನ ಬಚ್ಚಲು, ಮೋಟಾರು ನಿಲ್ಲಿಸುವ ತಾವು, ದನದ ಕೊಟ್ಟಿಗೆ, ಹಿಟ್ಟಿನ ಗಿರಣಿ, ಉಗ್ರಾಣ — ಇವುಗಳ ನೆತ್ತಿಯ ಮೇಲೆ ಅಲೆಅಲೆಯಾಗಿ ಹಾಸಿರುವ ಬೂದುಬಣ್ಣದ ‘ಶೀಟು’ ಬಹುಮಟ್ಟಿಗೆ ಸಿಮೆಂಟು ಮತ್ತು ಕಲ್ನಾರು ಸೇರಿಸಿ ಮಾಡಿದ್ದು. ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ಸಿಮೆಂಟು, ಒಂದು ಪಾಲು ಕಲ್ನಾರು. ಹಳೆಯ ಬಡಾವಣೆಗಳ ನೆಲದಡಿಯಲ್ಲಿ ನೀರು ಸಾಗಿಸುವ ಕೊಳವೆಗಳಲ್ಲಿಯೂ, ಹಳೆಯ ಗಾಡಿಗಳ ಬ್ರೇಕಿನ ಪಟ್ಟಿಗಳಲ್ಲಿಯೂ, ಬಾಯ್ಲರುಗಳಿಗೆ ಸುತ್ತಿದ ಹಗ್ಗಗಳಲ್ಲಿಯೂ ಅದು ಅಡಗಿದೆ. ಅಗ್ಗದ ಬೆಲೆ, ಹಗುರವಾದ ಮೈ, ದೀರ್ಘವಾದ ಬಾಳಿಕೆ — ಇಷ್ಟಿರುವಾಗ ಜನ ಅದನ್ನು ಮೆಚ್ಚಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಬೇಸಿಗೆಯಲ್ಲಿ ಅದರ ಕೆಳಗೆ ಮಲಗಿದವರು ಮಾತ್ರ ಮೆಚ್ಚಿರಲಾರರು.

ಕಲ್ನಾರಿನ ಬಟ್ಟೆ ಬಹು ಪುರಾತನವಾದುದು. ಬೆಂಕಿಯಲ್ಲಿ ವಾಸಿಸುವ ಸ್ಯಾಲಮಾಂಡರ್ ಎಂಬ ಪ್ರಾಣಿಯ ಮೈಯಿಂದ ಅದನ್ನು ತೆಗೆಯುತ್ತಾರೆಂದು ಯೂರೋಪಿನವರು ಬಹುಕಾಲ ನಂಬಿದ್ದರು. ಹದಿಮೂರನೆಯ ಶತಮಾನದಲ್ಲಿ ಪೂರ್ವದೇಶಗಳನ್ನು ಸುತ್ತಿಬಂದ ಮಾರ್ಕೋ ಪೋಲೋ ಆ ನಂಬಿಕೆಯನ್ನು ಅಲ್ಲಗಳೆದು, ಅದು ಪ್ರಾಣಿಯಲ್ಲ, ನೆಲವನ್ನು ಅಗೆದು ತೆಗೆಯುವ ಪದಾರ್ಥವೆಂದು ಬರೆದಿಟ್ಟ. ಅಂದಿಗೆ ಅದು ರಾಜರ ವಿನೋದದ ವಸ್ತು. ಬಡವರ ಮನೆಯ ಸೂರಾಗಿ ಮಾರ್ಪಟ್ಟುದು ೧೯೦೧ರಿಂದ ಈಚೆಗೆ. ಆಸ್ಟ್ರಿಯದ ಲುಡ್ವಿಗ್ ಹಾಚೆಕ್ ಎಂಬಾತ ಕಾಗದ ತಯಾರಿಸುವ ಯಂತ್ರದ ಮಾದರಿಯಲ್ಲಿಯೇ ಸಿಮೆಂಟಿನ ನೀರಿನಲ್ಲಿ ಕಲ್ನಾರನ್ನು ಕದಡಿ, ಪದರಪದರವಾಗಿ ಎತ್ತಿ, ಹಲಗೆಯಾಗಿಸುವ ವಿಧಾನಕ್ಕೆ ಆ ವರ್ಷ ಸನ್ನದು ಪಡೆದ. ‘ಶಾಶ್ವತ’ ಎಂಬ ಅರ್ಥ ಬರುವಂತೆ ‘ಎಟರ್ನಿಟ್’ ಎಂದು ಹೆಸರಿಟ್ಟ. ಕೆಲವೇ ದಶಕಗಳಲ್ಲಿ ಅದು ಭೂಮಂಡಲವನ್ನೆಲ್ಲ ಹೊದಿಸಿತು.

ಹಣತೆಯ ಕೆಳಗಿನ ಕತ್ತಲೆ

ಎಚ್ಚರಿಕೆ ಯಾರೂ ಕೊಡಲಿಲ್ಲವೆಂದು ಹೇಳುವಂತಿಲ್ಲ. ಶೀಟು ಹುಟ್ಟುವ ಮೊದಲೇ, ೧೮೯೮ರಲ್ಲಿಯೇ, ಇಂಗ್ಲೆಂಡಿನ ಕಾರ್ಖಾನೆಗಳ ತನಿಖಾಧಿಕಾರಿಣಿ ಲೂಸಿ ಡೀನ್ ಎಂಬಾಕೆ ಕಲ್ನಾರಿನ ಧೂಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ ಅದು ಗಾಜಿನ ಚೂರುಗಳಂತೆ ಮೊನಚಾಗಿ ಕಂಡುಬಂದುದನ್ನೂ, ಅದರಿಂದ ಕೆಲಸಗಾರರಿಗೆ ಆಗುತ್ತಿದ್ದ ಕೇಡನ್ನೂ ಸರಕಾರಕ್ಕೆ ವರದಿ ಮಾಡಿದ್ದಳು. ಮರುವರ್ಷ ಲಂಡನ್ನಿನ ಚಾರಿಂಗ್ ಕ್ರಾಸ್ ಆಸ್ಪತ್ರೆಗೆ ಮೂವತ್ತಮೂರು ವರ್ಷದ ಒಬ್ಬ ಕೂಲಿಗಾರ ಏದುಸಿರು ಬಿಡುತ್ತ ಬಂದ. ಕಲ್ನಾರನ್ನು ಹಿಂಜುವ ಕೋಣೆಯಲ್ಲಿ ತನ್ನೊಂದಿಗೆ ದುಡಿದ ಹತ್ತು ಜನರಲ್ಲಿ ಬದುಕಿ ಉಳಿದವನು ತಾನೊಬ್ಬನೇ ಎಂದು ಅವನು ವೈದ್ಯನಿಗೆ ತಿಳಿಸಿದ. ಮುಂದೆ ಅವನೂ ಉಳಿಯಲಿಲ್ಲ. ಡಾಕ್ಟರ್ ಮಾಂಟೇಗ್ ಮರ್ರೆ ಈ ಸಂಗತಿಯನ್ನು ೧೯೦೬ರಲ್ಲಿ ಸರಕಾರಿ ಸಮಿತಿಯೊಂದರ ಮುಂದೆ ನಿರೂಪಿಸಿದ. ಸಮಿತಿ ಕೇಳಿಕೊಂಡಿತು, ಆದರೆ ಪರಿಹಾರಕ್ಕೆ ಅರ್ಹವಾದ ರೋಗಗಳ ಪಟ್ಟಿಯಲ್ಲಿ ಇದನ್ನು ಸೇರಿಸಲಿಲ್ಲ.

ಹಾಗೆ ಸೇರಿಸದೆ ಹೋದುದರ ಫಲವನ್ನು ಉಂಡವಳು ನೆಲ್ಲಿ ಕರ್ಷಾ. ಲ್ಯಾಂಕಷೈರ್ ಸೀಮೆಯ ರಾಚ್‌ಡೇಲ್ ಹತ್ತಿಗಿರಣಿಗಳ ಊರು. ಹತ್ತಿಯನ್ನು ನೂಲುವ ಯಂತ್ರಗಳಿಂದಲೇ ಕಲ್ನಾರನ್ನೂ ನೂತು ನೇಯಬಹುದೆಂದು ತೋರಿಸಿದ ಟರ್ನರ್ ಸೋದರರ ಕಾರ್ಖಾನೆ ಅಲ್ಲಿಯದು. ೧೮೯೧ರಲ್ಲಿ ಹುಟ್ಟಿದ ನೆಲ್ಲಿ, ಹನ್ನೆರಡನೆಯ ವಯಸ್ಸಿಗೆ ಶಾಲೆ ಬಿಟ್ಟು ಗಿರಣಿ ಸೇರಿದಳು; ೧೯೧೭ರ ಕೊನೆಯಿಂದ ಈ ಕಾರ್ಖಾನೆಯಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದಳು. ಮೂವತ್ತು ತುಂಬುವ ಮೊದಲೇ ಉಸಿರಾಟದ ತೊಂದರೆ ಕಾಣಿಸಿಕೊಂಡಿತು. ೧೯೨೨ರಲ್ಲಿ ಕೆಲಸ ನಿಂತಿತು. ಊರಿನ ವೈದ್ಯನಾದ ವಾಲ್ಟರ್ ಜಾಸ್ ‘ಕಲ್ನಾರಿನ ವಿಷ’ವೆಂದೇ ಸರ್ಟಿಫಿಕೇಟು ಬರೆದುಕೊಟ್ಟ. ಆ ಸರ್ಟಿಫಿಕೇಟೇ ಅವಳ ಪಾಲಿಗೆ ಮುಳುವಾಯಿತು. ಆರೋಗ್ಯವಿಮೆಯವರು, “ಇದು ವೃತ್ತಿಯಿಂದ ಬಂದ ರೋಗ, ಕಾರ್ಖಾನೆಯವರನ್ನು ಕೇಳಿ” ಎಂಬ ನಿಲುವು ತಳೆದರು. ಕಾರ್ಖಾನೆಯವರು, “ಇಂಥ ರೋಗವೇ ಕಾನೂನಿನ ಪಟ್ಟಿಯಲ್ಲಿಲ್ಲ” ಎಂದು ಕೈತೊಳೆದುಕೊಂಡರು. ಎರಡು ಬಾಗಿಲುಗಳ ನಡುವೆ ಎರಡು ವರ್ಷ ನರಳಿ, ೧೯೨೪ರ ಮಾರ್ಚ್ ೧೪ರಂದು, ಗಂಡನನ್ನೂ ಚಿಕ್ಕ ಮಗಳನ್ನೂ ಬಿಟ್ಟು ಆಕೆ ತೀರಿಕೊಂಡಳು. ವಯಸ್ಸು ಮೂವತ್ತಮೂರು. ಶವಸಂಸ್ಕಾರದ ವೆಚ್ಚಕ್ಕೆಂದು ಕೇಳಿದ ನೆರವನ್ನೂ ಕಾರ್ಖಾನೆ ನಿರಾಕರಿಸಿತು. ಒಮ್ಮೆ ಒಪ್ಪಿಕೊಂಡರೆ ಮುಂದೆ ಎಷ್ಟು ಜನರಿಗೆ ತೆರಬೇಕಾದೀತೋ ಎಂಬುದು ವ್ಯಾಪಾರದ ಲೆಕ್ಕ. ಆ ಲೆಕ್ಕ ತಪ್ಪಾಗಿರಲಿಲ್ಲವೆಂಬುದೇ ವಿಷಾದದ ಸಂಗತಿ.

ಮರಣವಿಚಾರಣೆ ನಡೆಯಿತು. ವಿಲಿಯಂ ಕುಕ್ ಎಂಬ ರೋಗವಿಜ್ಞಾನಿ ಅವಳ ಶ್ವಾಸಕೋಶಗಳನ್ನು ಪರೀಕ್ಷಿಸಿ, ಅಲ್ಲಿ ಗಾಯದ ಕಲೆಗಳಂತೆ ಗಟ್ಟಿಯಾದ ಮಾಂಸವನ್ನೂ, ಅದರೊಳಗೆ ಹುದುಗಿದ್ದ ಮೊನಚಾದ ಖನಿಜಕಣಗಳನ್ನೂ ಕಂಡ. ಅದೇ ವರ್ಷ ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದ; ೧೯೨೭ರಲ್ಲಿ ಆ ರೋಗಕ್ಕೆ ‘ಆಸ್‌ಬೆಸ್ಟೋಸಿಸ್’ ಎಂದು ನಾಮಕರಣ ಮಾಡಿದ. ಆಗ ಸರಕಾರ ಎಚ್ಚೆತ್ತಿತು. ಮೆರ್‌ವೆದರ್ ಎಂಬ ವೈದ್ಯನೂ ಪ್ರೈಸ್ ಎಂಬ ಎಂಜಿನಿಯರನೂ ಕೂಡಿ ೩೬೩ ಕೆಲಸಗಾರರನ್ನು ಪರಿಶೀಲಿಸಿ, ೯೫ ಮಂದಿಗೆ ಈ ರೋಗ ತಗಲಿರುವುದನ್ನು ೧೯೩೦ರಲ್ಲಿ ವರದಿ ಮಾಡಿದರು. ಇಪ್ಪತ್ತು ವರ್ಷ ಮೀರಿ ದುಡಿದವರಲ್ಲಂತೂ ಐವರಲ್ಲಿ ನಾಲ್ವರಿಗೆ ರೋಗವಿದ್ದಿತು. ಮರುವರ್ಷವೇ ಬ್ರಿಟನ್ ಧೂಳಿನ ನಿಯಮಗಳನ್ನು ರಚಿಸಿತು. ಆದರೆ ನಿಯಮಗಳು ಕಾರ್ಖಾನೆಯ ಗೋಡೆಯೊಳಗಿನ ಕೆಲವು ಕೆಲಸಗಳಿಗೆ ಮಾತ್ರ. ಹಡಗುಗಳಿಗೆ ಕಲ್ನಾರು ಸುತ್ತುವವನು, ಮನೆಯ ಮೇಲೆ ಶೀಟು ಕೊಯ್ಯುವವನು ಗೋಡೆಯ ಹೊರಗೇ ಉಳಿದರು.

ಬಟ್ಟೆ ಒಗೆದವರಿಗೂ ಬಂದ ರೋಗ

ಕಾರ್ಖಾನೆಗೆ ಕಾಲಿಡದವರಿಗೆ ಈ ಗೊಡವೆ ಏಕೆಂದು ವಾಚಕರು ಕೇಳಬಹುದು. ಅದಕ್ಕೆ ಉತ್ತರ ದಕ್ಷಿಣ ಆಫ್ರಿಕದ ಕಿಂಬರ್ಲಿಯಿಂದ ಬಂದಿತು. ಅಲ್ಲಿಯ ಕ್ಷಯರೋಗದ ಆಸ್ಪತ್ರೆಯಲ್ಲಿದ್ದ ಡಾಕ್ಟರ್ ಸ್ಲೆಗ್ಸ್, ಕೆಲವು ರೋಗಿಗಳಿಗೆ ಕ್ಷಯದ ಔಷಧ ಏನೂ ಫಲ ಕೊಡದಿರುವುದನ್ನು ಗಮನಿಸಿದ. ಅವರಿಗಿದ್ದುದು ಕ್ಷಯವಲ್ಲ, ಶ್ವಾಸಕೋಶವನ್ನು ಹೊದೆದಿರುವ ತೆಳುಪೊರೆಗೆ ಬರುವ, ಅದುವರೆಗೆ ಅತ್ಯಂತ ವಿರಳವೆಂದು ಗಣಿಸಿದ್ದ ಮೀಸೋಥೀಲಿಯೋಮ ಎಂಬ ಕ್ಯಾನ್ಸರು. ವ್ಯಾಗ್ನರ್ ಎಂಬ ವಿಜ್ಞಾನಿಯೂ ಅವನೂ ಮತ್ತೊಬ್ಬ ವೈದ್ಯನೂ ಸೇರಿ ಇಂಥ ಮೂವತ್ತಮೂರು ರೋಗಿಗಳ ಪೂರ್ವಕಥೆಯನ್ನು ಕೆದಕಿ ೧೯೬೦ರಲ್ಲಿ ಪ್ರಕಟಿಸಿದರು. ಬಹುಮಟ್ಟಿಗೆ ಎಲ್ಲರ ಬದುಕಿನಲ್ಲಿಯೂ ಒಂದಲ್ಲ ಒಂದು ಕಾಲದಲ್ಲಿ ನೀಲಿ ಕಲ್ನಾರಿನ ಬೆಟ್ಟಗಳ ಸಂಪರ್ಕವಿದ್ದಿತು. ಅವರಲ್ಲಿ ಗಣಿಯ ಆಳುಗಳು ಕೆಲವರು ಮಾತ್ರ. ಉಳಿದವರು ಗೃಹಿಣಿಯರು, ದನ ಕಾಯುತ್ತಿದ್ದವರು, ಬೇಸಾಯಗಾರರು. ಬಾಲ್ಯದಲ್ಲಿ ಗಣಿಯ ಧೂಳಿನ ಸುತ್ತ ಆಡಿ ಬೆಳೆದು, ಮುಂದೆ ಬೇರೆಲ್ಲಿಯೋ ನೆಲಸಿದವರು. ಚಿಕ್ಕಂದಿನಲ್ಲಿ ಎಳೆದುಕೊಂಡ ಉಸಿರು ನಾಲ್ಕು ದಶಕಗಳ ತರುವಾಯ ಲೆಕ್ಕ ಕೇಳಿತ್ತು.

ಐದು ವರ್ಷಗಳ ಬಳಿಕ, ೧೯೬೫ರಲ್ಲಿ, ಲಂಡನ್ನಿನ ನ್ಯೂಹೌಸ್ ಮತ್ತು ಥಾಮ್ಸನ್ ಎಂಬ ಇಬ್ಬರು ವೈದ್ಯರು ಅದೇ ರೋಗದಿಂದ ನೊಂದ ೭೬ ಜನರ ವೃತ್ತಾಂತವನ್ನು ಸಂಗ್ರಹಿಸಿದರು. ಕಲ್ನಾರಿನ ಕೆಲಸ ಮಾಡಿದ್ದವರು ೩೧ ಮಂದಿ. ಒಂಬತ್ತು ಮಂದಿಯಂತೂ ಅಂಥ ಕೆಲಸಗಾರರ ಮನೆಯವರು ಮಾತ್ರ. ಅವರ ಪೈಕಿ ಹೆಚ್ಚಿನವರು ಗಂಡನ ಕೆಲಸದ ಬಟ್ಟೆಯನ್ನು ಕೊಡವಿ ಒಗೆಯುತ್ತಿದ್ದ ಹೆಂಡಂದಿರು. ಇವೆರಡೂ ಅಲ್ಲದವರಲ್ಲಿ ಹನ್ನೊಂದು ಮಂದಿ ಕಾರ್ಖಾನೆಯಿಂದ ಅರ್ಧ ಮೈಲಿಯೊಳಗೆ ವಾಸವಾಗಿದ್ದವರು. ಸಂಜೆ ಮನೆಗೆ ಬಂದ ಗಂಡನ ಅಂಗಿಯನ್ನು ಹಿತ್ತಲಿನಲ್ಲಿ ಝಾಡಿಸಿ ಒಗೆಯುವ ಕೆಲಸಕ್ಕೆ ಜಗತ್ತಿನ ಯಾವ ಸಂಸಾರದಲ್ಲಿ ತಾನೆ ಎಚ್ಚರಿಕೆಯ ಪಾಠ ಹೇಳಿಕೊಟ್ಟಾರು?

ಈ ಧೂಳು ಮೈಯೊಳಗೆ ಮಾಡುವುದೇನು? ಸಾಮಾನ್ಯವಾದ ಮಣ್ಣಿನ ಧೂಳನ್ನು ಮೂಗಿನ ಕೂದಲು ತಡೆಯುತ್ತದೆ, ಗಂಟಲ ಕಫ ಹಿಡಿದು ಹೊರಹಾಕುತ್ತದೆ. ಕಲ್ನಾರಿನ ಎಳೆಯಾದರೋ ತಲೆಗೂದಲಿಗಿಂತ ನೂರಾರು ಪಟ್ಟು ತೆಳುವಾಗಿ ಸೀಳಬಲ್ಲದು. ಕಣ್ಣಿಗೆ ಕಾಣದು, ವಾಸನೆಯಿಲ್ಲ, ಕೆಮ್ಮು ಬರಿಸದು. ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿದ್ದು ಶ್ವಾಸಕೋಶದ ಕಟ್ಟಕಡೆಯ ಗಾಳಿಚೀಲದವರೆಗೂ ಇಳಿಯುತ್ತದೆ. ಅಲ್ಲಿ ಹೊರಗಿನ ಕಣಗಳನ್ನು ನುಂಗಿ ತೊಲಗಿಸುವ ಕಾವಲುಕೋಶಗಳಿವೆ. ಉದ್ದವಾದ ಎಳೆಯನ್ನು ನುಂಗಲು ಹೋದ ಕಾವಲುಕೋಶದ ಪಾಡು, ತನಗಿಂತ ಉದ್ದವಾದ ಕೋಲನ್ನು ನುಂಗಹೋದ ಕಪ್ಪೆಯ ಪಾಡು. ಅದು ಸಾಯುತ್ತದೆ, ಸಾಯುವಾಗ ಉರಿಯನ್ನುಂಟುಮಾಡುವ ರಸಗಳನ್ನು ಚೆಲ್ಲುತ್ತದೆ, ಅದರ ಜಾಗಕ್ಕೆ ಮತ್ತೊಂದು ಬರುತ್ತದೆ. ವರ್ಷಗಟ್ಟಲೆ ನಡೆಯುವ ಈ ಕದನದಿಂದ ಮೃದುವಾದ ಅಂಗಾಂಶ ಗಾಯದ ಗಂಟಾಗಿ ಬಿಗಿಯುತ್ತದೆ. ಮೊದಲು ಮೆಟ್ಟಿಲು ಹತ್ತುವಾಗ ದಣಿವು, ಒಣಕೆಮ್ಮು. ಮುಂದೆ ಕುಳಿತಲ್ಲಿಯೇ ಏದುಸಿರು, ಎಷ್ಟೋ ಮಂದಿಗೆ ಬೆರಳ ತುದಿಗಳ ಊತ. ಇದೇ ಆಸ್‌ಬೆಸ್ಟೋಸಿಸ್. ಬಿಗಿದ ಶ್ವಾಸಕೋಶವನ್ನು ಮತ್ತೆ ಸಡಿಲಿಸುವ ಮದ್ದು ಇಂದಿಗೂ ಇಲ್ಲ. ಶ್ವಾಸಕೋಶದ ಕ್ಯಾನ್ಸರೂ ಮೀಸೋಥೀಲಿಯೋಮವೂ ಸಾಮಾನ್ಯವಾಗಿ ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷಗಳ ಅನಂತರ ತಲೆಯೆತ್ತುತ್ತವೆ. ಇಪ್ಪತ್ತು ವರ್ಷ ಮೀರಿ ಇಂಥ ಧೂಳಿನಲ್ಲಿ ದುಡಿದವರಿಗೆ ಶ್ವಾಸಕೋಶದ ಕ್ಯಾನ್ಸರು ಇತರರಿಗಿಂತ ಹತ್ತು ಪಟ್ಟು ಎಂದು ರಿಚರ್ಡ್ ಡಾಲ್ ೧೯೫೫ರಲ್ಲಿ ತೋರಿಸಿದ. ಬೀಡಿ ಸಿಗರೇಟು ಸೇದುವವನಾದರೆ ಆ ಅಪಾಯ ಮತ್ತೂ ಅನೇಕ ಪಟ್ಟು ಏರುತ್ತದೆಂಬುದು ಅಮೆರಿಕದ ಸೆಲಿಕಾಫ್ ಮತ್ತು ಅವನ ಸಂಗಡಿಗರ ೧೯೬೮ರ ಶೋಧನೆ.

ಧೂಳಿನಿಂದ ಬರುವ ಸಾವು ಕನ್ನಡನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಕೊರೆದವರ ಎದೆಗೂಡಿನಲ್ಲಿ ಸಿಲಿಕದ ಧೂಳು ತುಂಬಿ ಬರುತ್ತಿದ್ದ ಸಿಲಿಕೋಸಿಸ್ ರೋಗವನ್ನು ಭಾರತದಲ್ಲಿ ಮೊದಲು ವರದಿ ಮಾಡಿದುದು ಅಲ್ಲಿಂದಲೇ, ೧೯೩೪ರಲ್ಲಿ. ಕಲ್ನಾರೂ ಈ ನಾಡಿಗೆ ಪರಕೀಯವಲ್ಲ. ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಪುರಾತನ ಶಿಲೆಗಳಲ್ಲಿ ಅದು ದೊರೆಯುತ್ತದೆ. ಆದರೆ ಇಂದು ನಮ್ಮ ಸೂರಿನ ಮೇಲಿರುವ ಕಲ್ನಾರು ಬಹುಪಾಲು ಹಡಗಿನಲ್ಲಿ ಬಂದದ್ದು.

ತಮಗೆ ಬೇಡ, ಪರರಿಗಿರಲಿ

ಇಟಲಿಯ ಕಸಾಲೆ ಮೊನ್‌ಫೆರಾಟೊ ಎಂಬ ಪಟ್ಟಣದಲ್ಲಿ ೧೯೦೭ರಿಂದ ೧೯೮೬ರವರೆಗೆ ಎಟರ್ನಿಟ್ ಶೀಟಿನ ದೊಡ್ಡ ಕಾರ್ಖಾನೆಯಿತ್ತು. ಅದರ ಉಳಿಕೆಯ ಪುಡಿಯನ್ನು ಜನ ತಂದು ಅಂಗಳಕ್ಕೆ ಹಾಸುತ್ತಿದ್ದರು, ಅಟ್ಟದಲ್ಲಿ ಚಳಿ ತಡೆಯಲು ಹರಡುತ್ತಿದ್ದರು. ಕಾರ್ಖಾನೆ ಮುಚ್ಚಿ ದಶಕಗಳಾದರೂ ಆ ಊರಿನಲ್ಲಿ ಮೀಸೋಥೀಲಿಯೋಮದ ಸಾವು ನಿಲ್ಲಲಿಲ್ಲ. ಸತ್ತವರಲ್ಲಿ ಕಾರ್ಖಾನೆಯ ಒಳಗನ್ನು ಕಾಣದವರು ಅನೇಕರು. ಸಂಸ್ಥೆಯ ಒಡೆಯರ ಮೇಲೆ ನಡೆದ ಮೊಕದ್ದಮೆಯಲ್ಲಿ ೨೦೧೨ರಲ್ಲಿ ಶಿಕ್ಷೆಯ ತೀರ್ಪಾಯಿತು. ೨೦೧೪ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಾಲಯ ಕಾಲಾವಧಿ ಮೀರಿತೆಂಬ ಕಾರಣದಿಂದ ಅದನ್ನು ರದ್ದುಗೊಳಿಸಿತು. ನಾಲ್ವತ್ತು ವರ್ಷ ಕಾಯುವ ರೋಗಕ್ಕೆ ಕಾನೂನಿನ ಗಡಿಯಾರ ಹೊಂದುವುದಿಲ್ಲ.

ಕೆನಡದ ಕಥೆ ಇನ್ನೂ ವಿಚಿತ್ರ. ಅಲ್ಲಿಯ ಕ್ವಿಬೆಕ್ ಪ್ರಾಂತದಲ್ಲಿ ‘ಆಸ್‌ಬೆಸ್ಟಾಸ್’ ಎಂಬ ಹೆಸರಿನ ಊರೇ ಇದ್ದಿತು. ತನ್ನ ದೇಶದಲ್ಲಿ ಬಳಕೆಯನ್ನು ಬಹುವಾಗಿ ಇಳಿಸಿಕೊಂಡ ಮೇಲೂ ಅದು ಭಾರತವೇ ಮೊದಲಾದ ದೇಶಗಳಿಗೆ ಕಲ್ನಾರನ್ನು ಕಳುಹಿಸುತ್ತಲೇ ಇದ್ದಿತು. ಗಣಿಗಳ ಕೆಲಸ ೨೦೧೨ರ ಹೊತ್ತಿಗೆ ನಿಂತಿತು. ೨೦೧೮ರಲ್ಲಿ ನಿಷೇಧ ಬಂದಿತು. ೨೦೨೦ರಲ್ಲಿ ಆ ಊರಿನವರು ಹೆಸರನ್ನೇ ಬದಲಿಸಿಕೊಂಡರು. ಬ್ರಿಟನ್ ೧೯೯೯ರಲ್ಲಿ, ಆಸ್ಟ್ರೇಲಿಯ ೨೦೦೩ರ ಕೊನೆಗೆ, ಯೂರೋಪಿನ ಒಕ್ಕೂಟ ೨೦೦೫ರಲ್ಲಿ, ಗಣಿಗಳ ನಾಡಾದ ದಕ್ಷಿಣ ಆಫ್ರಿಕ ೨೦೦೮ರಲ್ಲಿ, ನೆರೆಯ ನೇಪಾಳ ೨೦೧೫ರಲ್ಲಿ ಕಲ್ನಾರಿಗೆ ಬಾಗಿಲು ಮುಚ್ಚಿದವು.

ಭಾರತ ಮುಚ್ಚಿಲ್ಲ. ಹೊಸ ಗಣಿಗಳಿಗೆ ಗುತ್ತಿಗೆ ಕೊಡುವುದು ೧೯೮೬ರಲ್ಲಿಯೇ ನಿಂತಿತಾದರೂ ಆಮದು ನಿಂತಿಲ್ಲ. ಇತ್ತೀಚಿನ ವರ್ಷಗಳಲ್ಲಿ ಜಗತ್ತಿನಲ್ಲಿ ಅತ್ಯಧಿಕವಾಗಿ ಕಲ್ನಾರನ್ನು ತರಿಸಿಕೊಳ್ಳುವ ದೇಶ ನಮ್ಮದೇ. ಬಿಟ್ಟುಹೋದ ಗಣಿಗಳ ಪಾಡು ಹೇಗಿರುತ್ತದೆಂದು ತಿಳಿಯಬೇಕಾದವರು ಜಾರ್ಖಂಡದ ಚಾಯಿಬಾಸಾದ ಬಳಿಯ ರೋರೋ ಬೆಟ್ಟವನ್ನು ನೋಡಬೇಕು. ಗಣಿ ೧೯೮೩ರಲ್ಲಿ ಮುಚ್ಚಿತು. ಕಲ್ನಾರು ಬೆರೆತ ಕಸದ ರಾಶಿಗಳನ್ನು ಬೆಟ್ಟದ ಮೇಲೆಯೇ ಬಿಟ್ಟುಹೋದರು. ಮಳೆಗೆ ಅದು ಕೆಳಗಿನ ಗದ್ದೆಗಳಿಗೆ ಇಳಿಯಿತು. ಬಿಳಿಯ ಕಲ್ನಾರು ನೀಲಿಯಷ್ಟು ಘಾತುಕವಲ್ಲ, ಎಚ್ಚರಿಕೆಯಿಂದ ಬಳಸಿದರೆ ಬಾಧಕವಿಲ್ಲ ಎಂಬುದು ಉದ್ಯಮದವರ ವಾದ. ಈ ವಾದದ ಮೊದಲರ್ಧದಲ್ಲಿ ಸತ್ಯಾಂಶವುಂಟು. ಮೀಸೋಥೀಲಿಯೋಮದ ಮಟ್ಟಿಗೆ ನೀಲಿಯದು ಹೆಚ್ಚು ಕ್ರೂರ. ಎರಡನೆಯ ಅರ್ಧವನ್ನು ಒಪ್ಪುವುದು ಕಷ್ಟ. ವಿಶ್ವ ಆರೋಗ್ಯಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಮಂಡಲಿ ೨೦೧೨ರ ತನ್ನ ಗ್ರಂಥದಲ್ಲಿ, ಬಿಳಿಯದೂ ಸೇರಿ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್ ತರುತ್ತದೆಂದು ಸಂದೇಹಕ್ಕೆಡೆಯಿಲ್ಲದಂತೆ ಹೇಳಿದೆ. ಕೆಲಸದ ಸ್ಥಳದಲ್ಲಿ ಸೋಕಿದ ಕಲ್ನಾರಿನಿಂದಲೇ ವರ್ಷವರ್ಷವೂ ಜಗತ್ತಿನಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜನ ಸಾಯುತ್ತಾರೆಂದು ಆ ಸಂಸ್ಥೆಯ ಅಂದಾಜು. ಇನ್ನು ‘ಎಚ್ಚರಿಕೆಯ ಬಳಕೆ’ ಎಂಬುದು ಕಾರ್ಖಾನೆಯೊಳಗೆ ಸಾಧ್ಯವಾದೀತು. ಬೀದಿಯ ಕೊನೆಯಲ್ಲಿ ಗರಗಸ ಹಿಡಿದು ಶೀಟು ಕೊಯ್ಯುವ ಹುಡುಗನಿಗೆ ಅದನ್ನು ಕಲಿಸುವವರಾರು?

ನಮ್ಮ ಸರ್ವೋಚ್ಚ ನ್ಯಾಯಾಲಯ ೧೯೯೫ರ ಜನವರಿಯಲ್ಲಿ ಒಂದು ಮಹತ್ತರವಾದ ತೀರ್ಪನ್ನು ಕೊಟ್ಟಿತು. ಕೆಲಸಗಾರನ ಆರೋಗ್ಯವು ಸಂವಿಧಾನದ ೨೧ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿ, ಕಲ್ನಾರಿನ ಉದ್ಯಮದವರು ಪ್ರತಿಯೊಬ್ಬ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ ನಾಲ್ವತ್ತು ವರ್ಷ, ಇಲ್ಲವೆ ಕೆಲಸ ಬಿಟ್ಟ ಮೇಲೆ ಹದಿನೈದು ವರ್ಷ, ಯಾವುದು ತಡವೋ ಅದುವರೆಗೆ ಕಾಪಾಡಬೇಕೆಂದೂ, ರೋಗ ತಗಲಿದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದೂ ವಿಧಿಸಿತು. ರೋಗದ ನಿಧಾನಗತಿಯನ್ನು ಅರಿತು ಬರೆದ ತೀರ್ಪು ಅದು. ದಿನಗೂಲಿಯ ಮೇಲೆ ಊರೂರು ಅಲೆಯುವವನಿಗಾದರೋ ದಾಖಲೆಯೇ ಇಲ್ಲ. ಅವನ ಕೆಮ್ಮನ್ನು ಕ್ಷಯವೆಂದೋ ದಮ್ಮೆಂದೋ ಬರೆದು ಔಷಧ ಕೊಟ್ಟು ಕಳುಹಿಸುವ ಸಂಭವವೇ ಹೆಚ್ಚು. ಹಿಂದೆ ಏನು ಕೆಲಸ ಮಾಡುತ್ತಿದ್ದಿರೆಂದು ವೈದ್ಯರು ಕೇಳದಿದ್ದರೆ ರೋಗಿಯ ಕಡೆಯವರೇ ಹೇಳುವುದು ಒಳಿತು.

ಸೂರಿನ ಕೆಳಗಿನವರಿಗೆ

ಇಷ್ಟನ್ನು ಓದಿ ಇಂದೇ ಹಾರೆ ಹಿಡಿದು ಮಾಡು ಹತ್ತುವುದು ತರವಲ್ಲ. ಗಟ್ಟಿಯಾಗಿರುವ, ಒಡೆಯದ ಶೀಟಿನಲ್ಲಿ ನಾರನ್ನು ಸಿಮೆಂಟು ಬಿಗಿದು ಹಿಡಿದಿರುತ್ತದೆ. ಅದರ ಕೆಳಗೆ ಬಾಳುವುದರಿಂದ ಆಗುವ ಅಪಾಯ ಅಲ್ಪ. ಅಪಾಯ ಹುಟ್ಟುವುದು ಅದನ್ನು ಕೊಯ್ದಾಗ, ಕೊರೆದಾಗ, ಉಜ್ಜಿದಾಗ, ಒಡೆದಾಗ. ಯುಗಾದಿಗೆ ಮನೆ ಬಳಿಯುವ ಮೊದಲು ಪಾಚಿ ಹೋಗಲೆಂದು ಶೀಟನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿಸುವ ವಾಡಿಕೆ ಕೆಲವೆಡೆ ಉಂಟು; ಅದನ್ನು ಬಿಡಬೇಕು. ವಿದ್ಯುತ್ ಗರಗಸದಿಂದ ಶೀಟು ಕೊಯ್ಯಿಸುವುದಂತೂ ಸಲ್ಲದು. ಹಳೆಯದಾಗಿ ಮೇಲ್ಮೈ ಸವೆದು ನಾರು ಕಾಣುವಂತಿದ್ದರೆ, ಕೋತಿಗಳ ಕುಣಿತಕ್ಕೋ ತೆಂಗಿನ ಗರಿಯ ಪೆಟ್ಟಿಗೋ ಬಿರಿದಿದ್ದರೆ, ಬದಲಾಯಿಸುವುದು ಒಳ್ಳೆಯದು. ಕಲ್ನಾರಿಲ್ಲದೆ ಬೇರೆ ನಾರು ಸೇರಿಸಿ ಮಾಡಿದ ಸಿಮೆಂಟಿನ ಶೀಟುಗಳೂ ಬಣ್ಣ ಹಚ್ಚಿದ ತಗಡುಗಳೂ ಈಗ ದೊರೆಯುತ್ತವೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಂದಿನಿಂದ ನಾಡಿಗೆ ಪರಿಚಿತವಾದ ಕೆಂಪು ಹೆಂಚಿಗೆ ಇಂಥ ಅಪವಾದ ಎಂದೂ ಬಂದಿಲ್ಲ. ಯಾವ ಶೀಟಿನಲ್ಲಿ ಕಲ್ನಾರಿದೆ, ಯಾವುದರಲ್ಲಿಲ್ಲವೆಂದು ಬರಿಗಣ್ಣಿಗೆ ತಿಳಿಯದು; ಕೊಳ್ಳುವಾಗಲೇ ಅಂಗಡಿಯವರನ್ನು ಕೇಳಿ, ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ಹಳೆಯದಾದರೆ ಕಲ್ನಾರಿದೆಯೆಂದೇ ಎಣಿಸುವುದು ಕ್ಷೇಮ.

ತೆಗೆಸುವಾಗ ಶೀಟನ್ನು ಮೊದಲು ನೀರೆರಚಿ ಚೆನ್ನಾಗಿ ತೋಯಿಸಬೇಕು. ಮೊಳೆ ಬೋಲ್ಟುಗಳನ್ನು ಬಿಚ್ಚಿ ಇಡಿಯಾಗಿ ಇಳಿಸಬೇಕೇ ಹೊರತು ಮೇಲಿನಿಂದ ಒಡೆದು ಕೆಡವಬಾರದು. ಮಕ್ಕಳನ್ನೂ ಬಸುರಿಯರನ್ನೂ ಆ ದಿನ ಬೇರೆಡೆಗೆ ಕಳುಹಿಸಿದರೆ ಮೇಲು. ಕೆಲಸದವರು ಮುಖಕ್ಕೆ ಕಟ್ಟುವ ಟವಲ್ಲು ಈ ಎಳೆಗಳನ್ನು ತಡೆಯದು. ಸೂಕ್ಷ್ಮಕಣಗಳನ್ನು ಸೋಸುವ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡವನ್ನು ಮನೆಯ ಯಜಮಾನರೇ ತಂದುಕೊಡಬೇಕು. ಅದರ ಬೆಲೆ ಕೂಲಿಯ ಲೆಕ್ಕಕ್ಕೆ ಸೇರಬಾರದು. ಬಿದ್ದ ಪುಡಿಯನ್ನು ಪೊರಕೆಯಿಂದ ಒಣಗುಡಿಸದೆ ಒದ್ದೆ ಬಟ್ಟೆಯಿಂದ ಒರಸಿ, ಬಟ್ಟೆಯ ಸಮೇತ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಕೆಲಸದವರು ಹೊರಡುವ ಮೊದಲು ಅಲ್ಲಿಯೇ ಮೈತೊಳೆದು ಬಟ್ಟೆ ಬದಲಿಸಲು ಒಂದು ಬಕೆಟ್ಟು ನೀರು, ಒಂದು ಮರೆ ಒದಗಿಸಿದರೆ ಆ ಧೂಳು ಅವರ ಹೆಂಡಿರು ಮಕ್ಕಳವರೆಗೆ ಹೋಗದು.

ಇಳಿಸಿದ ಶೀಟಿನ ಚೂರುಗಳನ್ನು ಹಿತ್ತಲಿನ ಗುಂಡಿಗೆ ತುಂಬುವುದೂ, ಗಿಡಗಳ ಸುತ್ತ ಪಾತಿ ಕಟ್ಟುವುದೂ, ಖಾಲಿ ನಿವೇಶನದ ಮೂಲೆಗೆ ಎಸೆಯುವುದೂ ಎಲ್ಲೆಡೆ ಕಾಣುವ ಸಂಗತಿ. ಹುಡುಗರು ಅವನ್ನು ಬೆಂಕಿಗೆ ಹಾಕುತ್ತಾರೆ. ಕಾದ ಚೂರು ಪಟಾಕಿಯಂತೆ ಸಿಡಿಯುತ್ತದೆಂಬುದು ಅವರಿಗೆ ಗೊತ್ತು. ಚೂರುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ‘ಕಲ್ನಾರು’ ಎಂದು ಎದ್ದುಕಾಣುವಂತೆ ಬರೆದು, ಅಪಾಯಕರ ತ್ಯಾಜ್ಯವನ್ನು ಎಲ್ಲಿಗೆ ಒಪ್ಪಿಸಬೇಕೆಂದು ಪುರಸಭೆಯವರನ್ನೋ ಮಾಲಿನ್ಯ ನಿಯಂತ್ರಣ ಮಂಡಲಿಯವರನ್ನೋ ಕೇಳಿ ಸಾಗಿಸಬೇಕು. ಒಳಗೇನಿದೆಯೆಂದು ಗಾಡಿ ಹೊಡೆಯುವವನಿಗೂ ತಿಳಿಸಬೇಕು. ದಾರಿಯಲ್ಲಿ ಒಡೆಯದಂತೆ ಅದನ್ನು ಕಾಯಬೇಕಾದವನು ಅವನೇ.